ಹೊಲಿಗೆ ಮನೆಯಲ್ಲೊಂದು ನಾಯಿಮರಿ: ಮನೆಗೇ ಬಂದು ಕಲಿಸುವ ಟ್ರೇನರ್ ಹೇಗಿದ್ದರು?

ಮಂಗಳೂರಿನಲ್ಲಿ ನಾಯಿಗೆ ಮನೆಗೇ ಬಂದು ಕಲಿಸುವವರು ಈಗ ಸಿಗುತ್ತಾರೆ. ಕೂತ್ಕೋ, ನಿಲ್ಲು, ಕೈ ಕೊಡು, ಇದೆಲ್ಲ ಕಲಿಸುವವರಿಗೆ ಬರ ಇಲ್ಲ. ನನಗೆ ಬೇಕಾದದ್ದು ಅದಲ್ಲ. ಬಾಯಿಗೆ ಹಾಕಬಾರದ್ದನ್ನು ಹಾಕಬೇಡ, ಹಾಕಿದ್ದರೆ ಉಗುಳು. ಇಷ್ಟೇ. ನಮ್ಮ ಬೊಳ್ಳು ಜೀವಮಾನದಲ್ಲಿ ಯಾರಿಗೂ ಕೈ ಕೊಡದಿದ್ದರೂ ಪರವಾಗಿಲ್ಲ, ಸೂಜಿ ನುಂಗದಿದ್ದರೆ ಸಾಕು.

ನಾನು ಕುಲಶೇಖರದಲ್ಲಿ ಮನೆಯಲ್ಲೇ ಬ್ಲೌಸ್, ಚೂಡಿದಾರ್ ಹೊಲಿಯುವವಳು. ಮುಂದಿನ ಕೋಣೆಯಲ್ಲೇ ಮೆಷಿನ್, ಕಟ್ಟಿಂಗ್ ಟೇಬಲ್ ಎಲ್ಲ. ನೆಲದಲ್ಲಿ ಯಾವಾಗ ನೋಡಿದರೂ ಎಂತಾದರೂ ಬಿದ್ದಿರುತ್ತದೆ. ಗುಂಡುಸೂಜಿ, ಬ್ಲೌಸಿನ ಹುಕ್ಕು, ಪ್ರೆಸ್ ಬಟನ್, ನೂಲಿನ ತುಂಡು, ಲೈನಿಂಗಿನ ಚೂರು. ಇಂಥ ಮನೆಗೆ ನನ್ನ ಮಗ ರಸ್ತೆ ಬದಿಯಿಂದ ಒಂದು ಬಿಳಿ ಮರಿ ಎತ್ತಿಕೊಂಡು ಬಂದ. ಊರು ನಾಯಿಯೇ. ಬಂದ ದಿನದಿಂದ ಅದರ ಬಾಯಿಗೆ ಬಿಡುವಿಲ್ಲ.

ಮರಿ ಹಾಗೆ ಮಾಡುವುದು ಸಹಜವೇ. ಅದಕ್ಕೆ 28 ಹಾಲುಹಲ್ಲು ಇರುತ್ತವೆ. ನಾಲ್ಕು ತಿಂಗಳ ಹೊತ್ತಿಗೆ ಅವು ಬೀಳಲು ಶುರುವಾಗಿ, ಆರೇಳು ತಿಂಗಳೊಳಗೆ 42 ಹೊಸ ಹಲ್ಲು ಬರುತ್ತವೆ. ವಸಡು ತುರಿಸುವಾಗ ಎದುರು ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಚಪ್ಪಲಿ ಕಚ್ಚಿದರೆ ಚಪ್ಪಲಿ ಹೋಯಿತು, ಅಷ್ಟೇ. ನಮ್ಮ ಮನೆಯಲ್ಲಿ ವಿಷಯ ಅಷ್ಟಕ್ಕೆ ಮುಗಿಯುವುದಿಲ್ಲ.

ಒಂದು ಸಂಜೆ ಬೊಳ್ಳು ಸೀರೆ ಫಾಲ್‌ನ ಒಂದು ಉದ್ದದ ಚೂರು ಕಚ್ಚಿಕೊಂಡು ಓಡಿತು. ಮಗಳು ಹಿಂದೆ ಓಡಿದಳು, ಅವಳ ಹಿಂದೆ ಮಗ. ಅತ್ತೆ ಒಳಗಿಂದ ಕೂಗಿದರು. ಎಲ್ಲರೂ ಸುತ್ತುಗಟ್ಟಿದಾಗ ಅದು ನಮ್ಮ ಮುಖ ನೋಡಿ, ಗಟ್ಟಿಯಾಗಿ ಎರಡು ಸಲ ಗುಟುಕರಿಸಿ ನುಂಗಿಬಿಟ್ಟಿತು. ಡಾಕ್ಟರ ಹತ್ತಿರ ಓಡಿದೆವು. ಬಟ್ಟೆ, ನೂಲು ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲವಂತೆ, ಹುಕ್ಕು ಸೂಜಿಯಾದರೆ ಕಾಣುತ್ತದೆ. ನಮ್ಮ ಪುಣ್ಯ, ಮರುದಿನ ಅದು ಹಿಂದಿನಿಂದ ಪೂರ್ತಿ ಹೊರಗೆ ಬಂತು. ಆದರೆ ಅವತ್ತು ಡಾಕ್ಟರು ಹೇಳಿದ ಒಂದು ಮಾತು ನನ್ನ ಎದೆಗೆ ನಾಟಿತು. ನೂಲು ಅಥವಾ ಉದ್ದದ ಪಟ್ಟಿಯ ಒಂದು ತುದಿ ಹೊಟ್ಟೆಯಲ್ಲಿ ಸಿಕ್ಕಿಕೊಂಡರೆ, ಇನ್ನೊಂದು ತುದಿಯನ್ನು ಕರುಳು ಮುಂದಕ್ಕೆ ಎಳೆಯುತ್ತಲೇ ಇರುತ್ತದೆ. ಆಗ ಕರುಳೇ ನೂಲಿನ ಮೇಲೆ ಸುರುಟಿಕೊಳ್ಳುತ್ತದೆ, ನೂಲು ಅದನ್ನು ಕೊಯ್ಯಲೂಬಹುದು. ನಾನು ಫ್ರಿಲ್‌ಗೆ ನೆರಿಗೆ ಹಿಡಿಯುವುದೂ ಹೀಗೇ ಅಲ್ವಾ? ದೊಡ್ಡ ಹೊಲಿಗೆ ಹಾಕಿ ಒಂದು ನೂಲು ಎಳೆದರೆ ಬಟ್ಟೆ ಎಲ್ಲ ಒಟ್ಟಾಗಿ ಬರುತ್ತದೆ. ದಿನಾ ಕೈಯಲ್ಲಿ ಮಾಡುವ ಕೆಲಸ ನಾಯಿಯ ಹೊಟ್ಟೆಯೊಳಗೆ ನಡೆಯುವುದನ್ನು ಯೋಚಿಸಿ ರಾತ್ರಿ ನಿದ್ದೆ ಬರಲಿಲ್ಲ. ಅದೇ ಡಾಕ್ಟರು ಇನ್ನೊಂದನ್ನೂ ಹೇಳಿದರು. ನೂಲು ಹಿಂದಿನಿಂದ ನೇತಾಡುತ್ತಿದ್ದರೆ ಎಳೆಯಲೇಬಾರದು, ಹಾಗೇ ಕರಕೊಂಡು ಬರಬೇಕು.

ಟ್ರೇನರ್ ಹುಡುಕಲು ಶುರು ಮಾಡಿದ್ದು ಆಮೇಲೆ. ಮೊದಲು ಫೋನ್ ಮಾಡಿದವರು ನಾಯಿಯನ್ನು ಅವರಲ್ಲೇ ಬಿಟ್ಟು ಹೋಗಿ, ಕಲಿಸಿ ವಾಪಸ್ ಕೊಡುತ್ತೇವೆ ಅಂದರು. ಕುತ್ತಿಗೆಗೆ ಶಾಕ್ ಕೊಡುವ ಪಟ್ಟಿ ಹಾಕಿದರೆ ಒಂದೇ ವಾರದಲ್ಲಿ ಸರಿಯಾಗುತ್ತದೆ ಅಂತಲೂ ಹೇಳಿದರು. ನನಗೆ ಸರಿ ಕಾಣಲಿಲ್ಲ. ಸೂಜಿ ಬೀಳುವುದು ನಮ್ಮ ಮನೆಯ ನೆಲದಲ್ಲಿ, ಅವರ ಮನೆಯದ್ದರಲ್ಲಿ ಅಲ್ಲ. ಕೊನೆಗೆ ಡಾಕ್ಟರ ಕ್ಲಿನಿಕ್ಕಿನಲ್ಲಿ ಕಂಪೌಂಡರ್ ಹೇಳಿದ ಹುಡುಗನಿಗೆ ಫೋನ್ ಮಾಡಿದೆ. ಈ ಬರಹ ಅವರ ಬಗ್ಗೆ. ಹೆಸರು ಹಾಕುವುದಿಲ್ಲ, ಒಬ್ಬರೇ ಓಡಾಡುವ ಮನುಷ್ಯ, ಫೋನ್ ಬಂದರೆ ತೆಗೆಯಲೂ ಪುರುಸೊತ್ತಿಲ್ಲ.

ಫೀಸು ಕಡಿಮೆ ಏನಲ್ಲ. ಒಂದು ಸಲ ಬಂದು ಹೋಗುವುದಕ್ಕೆ ನಾನು ಎರಡು ಲೈನಿಂಗ್ ಬ್ಲೌಸಿಗೆ ತೆಗೆದುಕೊಳ್ಳುವ ಕೂಲಿಗಿಂತ ಸ್ವಲ್ಪ ಜಾಸ್ತಿ. ಪ್ಯಾಕೇಜಿನ ಹಣ ಅರ್ಧ ಮೊದಲೇ ಕೊಡಬೇಕು. ಗ್ಯಾರಂಟಿ ಕೊಡ್ತೀರಾ ಅಂತ ಕೇಳಿದ್ದಕ್ಕೆ, "ಇಲ್ಲ ಅಕ್ಕ, ಗ್ಯಾರಂಟಿ ಕೊಟ್ಟರೆ ಸುಳ್ಳು ಹೇಳಿದ ಹಾಗಾಗ್ತದೆ" ಅಂದರು. ನನಗೆ ಆ ಉತ್ತರ ಹಿಡಿಸಿತು. ಅತ್ತೆಗೆ ಹಿಡಿಸಲಿಲ್ಲ. "ಗ್ಯಾರಂಟಿ ಇಲ್ಲದ್ದಕ್ಕೆ ಎಂತ ದುಡ್ಡು?" ಅಂತ ಅಲ್ಲೇ ಕೇಳಿಬಿಟ್ಟರು.

ಮೊದಲ ದಿನ ಬಂದವರು ನಾಯಿಯನ್ನು ಮುಟ್ಟಲೇ ಇಲ್ಲ. ಮೊಣಕಾಲೂರಿ, ಕೈಯೂರಿ, ಮರಿಯ ಕಣ್ಣಿನ ಎತ್ತರಕ್ಕೆ ತಲೆ ತಗ್ಗಿಸಿ ಕೋಣೆ ಪೂರ್ತಿ ಒಂದು ಸುತ್ತು ಹಾಕಿದರು. ಮೆಷಿನ್ನಿನ ಪೆಡಲ್ ಕೆಳಗೆ ಕೈ ಹಾಕಿ ಒಂದೊಂದೇ ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟರು. ಮುರಿದ ಸೂಜಿಯ ಮೊನೆ. ಹುಕ್ಕುಗಳು. ಮಾರ್ಕಿಂಗ್ ಚಾಕಿನ ತುಂಡು. ಬಾಬಿನಿನಿಂದ ಬಿಚ್ಚಿದ ನೂಲಿನ ಉಂಡೆ. ಮಕ್ಕಳ ಯಾವುದೋ ಹಳೆ ಆಟಿಕೆಯ ಗುಂಡಿಯಂಥ ಬ್ಯಾಟರಿ. ಈ ಬ್ಯಾಟರಿ ಕಂಡಾಗ ಮಾತ್ರ ಅವರ ಮುಖ ಗಂಭೀರವಾಯಿತು. ಅದು ಗಂಟಲಲ್ಲೋ ಅನ್ನನಾಳದಲ್ಲೋ ಸಿಕ್ಕಿಕೊಂಡರೆ ಕೆಲವೇ ಗಂಟೆಯಲ್ಲಿ ಒಳಗೆ ಸುಟ್ಟುಬಿಡುತ್ತದೆ, ಸೂಜಿಗಿಂತ ಇದಕ್ಕೇ ಹೆಚ್ಚು ಹೆದರಬೇಕು ಅಂದರು. ನಾಳೆ ಬೆಳಿಗ್ಗೆ ನೋಡುವ ಅನ್ನುವಂತಿಲ್ಲ, ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು.

ಆ ದಿನದ ಪಾಠ ನಾಯಿಗಲ್ಲ, ನನಗೆ. ಮುಚ್ಚಳ ಇರುವ ಕಸದ ಡಬ್ಬ ಬೇಕು, ಕಾಲಿನಿಂದ ಒತ್ತಿ ತೆರೆಯುವಂಥದ್ದು. ಕಟ್ಟಿಂಗ್ ಟೇಬಲ್ ಕೆಳಗೆ ಬುಟ್ಟಿ ಇಡಬಾರದು. ಸಂಜೆ ಕೆಲಸ ಮುಗಿದ ಮೇಲೆ ಅಯಸ್ಕಾಂತ ಕಟ್ಟಿದ ಕೋಲು ನೆಲಕ್ಕೆಲ್ಲ ಆಡಿಸಬೇಕು, ಆಮೇಲೆ ಆ ಅಯಸ್ಕಾಂತ ಕಪಾಟಿನೊಳಗೆ. ಅದನ್ನೂ ನಾಯಿ ನುಂಗಬಾರದಲ್ಲ! ಮುರಿದ ಸೂಜಿಯ ವಿಷಯ ಮಾತ್ರ ಅವರು ಹೇಳುವ ಮೊದಲೇ ನನಗೆ ಗೊತ್ತಿತ್ತು. ಮದುವೆಗೆ ಮೊದಲು ಗಾರ್ಮೆಂಟ್ಸ್‌ನಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಸೂಜಿ ಮುರಿದರೆ ಎಲ್ಲ ತುಂಡು ಹುಡುಕಿ, ಕಾಗದಕ್ಕೆ ಟೇಪ್ ಹಾಕಿ ಅಂಟಿಸಿ ತೋರಿಸದೆ ಹೊಸ ಸೂಜಿ ಕೊಡುತ್ತಿರಲಿಲ್ಲ. ಒಂದು ತುಂಡು ಸಿಗದಿದ್ದರೆ ಲೈನೇ ನಿಲ್ಲುತ್ತಿತ್ತು. ಈಗ ಮನೆಯಲ್ಲೂ ಅದೇ ಕ್ರಮ. ಹಳೆ ಕ್ಯಾಲೆಂಡರಿನ ಹಿಂಬದಿಗೆ ಅಂಟಿಸುತ್ತೇನೆ.

ಅತ್ತೆಯ ಎಲೆ ಅಡಿಕೆಯ ತಟ್ಟೆಗೂ ಸ್ಥಳ ಬದಲಾಯಿತು. ಅದು ಜಗಲಿಯ ಕುಳ್ಳು ಬೆಂಚಿನ ಮೇಲೆ ಇರುತ್ತಿತ್ತು. ಅದರಲ್ಲಿ ಅಡಿಕೆ, ಸುಣ್ಣ, ಹೊಗೆಸೊಪ್ಪು. ಮೂರೂ ನಾಯಿಗೆ ಆಗದ್ದೇ. ಹೊಗೆಸೊಪ್ಪಿನ ನಿಕೋಟಿನ್ ಮರಿಯ ಮೈಗೆ ವಿಷ, ಸುಣ್ಣ ಬಾಯಿ ಸುಡುತ್ತದೆ. ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನುವ ವಸ್ತುವನ್ನು ಹಿಂದೆ ನಾಯಿಯ ಹೊಟ್ಟೆಯ ಲಾಡಿಹುಳ ಬೀಳಿಸಲು ಮದ್ದಾಗಿಯೇ ಕೊಡುತ್ತಿದ್ದರಂತೆ. ಪ್ರಮಾಣ ಜಾಸ್ತಿಯಾದರೆ ಜೊಲ್ಲು, ವಾಂತಿ, ಭೇದಿ. ಅತ್ತೆ ಇದನ್ನು ಕೇಳಿ, "ಹಾಗಾದರೆ ಹುಳದ ಮಾತ್ರೆಗೆ ದುಡ್ಡು ಕೊಡುವುದು ಯಾಕೆ?" ಅಂತ ಒಂದು ಪ್ರಶ್ನೆ ಹಾಕಿದರು. ಟ್ರೇನರ್ ಅರ್ಧ ಗಂಟೆ ಕೂತು ವಿವರಿಸಿದರು. ಈಗ ತಟ್ಟೆ ಫ್ರಿಜ್ಜಿನ ಮೇಲೆ ಉಂಟು.

ಇನ್ನು ನಿಜವಾದ ತರಬೇತಿಗೆ ಬರುತ್ತೇನೆ. ಇವರಿಗೆ ದುಡ್ಡು ಕೊಟ್ಟದ್ದು ಸಾರ್ಥಕ ಅನಿಸಿದ್ದು ಇಲ್ಲಿ.

ಅವರು ಹೇಳಿದ್ದು ಇಷ್ಟು. ನಾಯಿ ನುಂಗುವುದು ಹಸಿವಿಗಲ್ಲ, ನೀವು ಕಸಿದುಕೊಳ್ಳುತ್ತೀರಿ ಅಂತ. ಬಾಯಿ ಬಿಡಿಸಿ ಬೆರಳು ಹಾಕಿ ಕಿತ್ತುಕೊಂಡಷ್ಟೂ ಅದು ಮುಂದಿನ ಸಲ ಬೇಗ ನುಂಗುತ್ತದೆ, ಇಲ್ಲವೇ ಸೋಫಾ ಅಡಿಗೆ ಹೋಗಿ ಗುರ್ ಅನ್ನುತ್ತದೆ. ಹಿಂದೆ ಓಡಿದರೆ ಅದಕ್ಕೆ ಅದೊಂದು ಆಟ. ಹಾಗಾಗಿ ಬಾಯಲ್ಲಿರುವುದನ್ನು ಬಿಟ್ಟರೆ ಲಾಭ ಅಂತ ಅದಕ್ಕೆ ಮನದಟ್ಟಾಗಬೇಕು.

ಶುರು ಮಾಡಿದ್ದು ಅಪಾಯ ಇಲ್ಲದ ವಸ್ತುವಿನಿಂದ. ನೂಲು ಖಾಲಿಯಾದ ದೊಡ್ಡ ಪ್ಲಾಸ್ಟಿಕ್ ಕೋನ್, ನುಂಗಲು ಆಗದಷ್ಟು ದಪ್ಪದ್ದು. ಅದನ್ನು ಬೊಳ್ಳುವಿಗೆ ಕೊಟ್ಟರು. ಅದು ಕಚ್ಚುತ್ತಾ ಇರುವಾಗ "ಬುಡು" ಅಂತ ಮೆಲ್ಲಗೆ ಹೇಳಿ, ಬೇಯಿಸಿದ ಕೋಳಿಯ ನಾಲ್ಕೈದು ಚೂರು ಅದರ ಮೂಗಿನ ಹತ್ತಿರ ನೆಲಕ್ಕೆ ಚೆಲ್ಲಿದರು. ಕೋನ್ ಬಿತ್ತು. ಅದು ನೆಲ ಮೂಸುತ್ತಾ ತಿನ್ನುವಾಗ ಇವರು ಕೋನ್ ಎತ್ತಿಕೊಂಡರು. ನಾನು ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಇಲ್ಲ. ತಿಂದು ತಲೆ ಎತ್ತಿದ ಮೇಲೆ ಕೋನನ್ನು ಅದಕ್ಕೇ ವಾಪಸ್ ಕೊಟ್ಟರು. ಬೊಳ್ಳುವಿನ ಮುಖ ನೋಡಬೇಕಿತ್ತು! ತಿಂಡಿಯೂ ಸಿಕ್ಕಿತು, ಸಾಮಾನೂ ಸಿಕ್ಕಿತು. ಈ ವಾಪಸ್ ಕೊಡುವುದೇ ಮುಖ್ಯ ಅಂತ ಅವರು ಮತ್ತೆ ಮತ್ತೆ ಹೇಳಿದರು. ಬಿಟ್ಟರೆ ಕಳಕೊಳ್ಳುತ್ತೇನೆ ಅನ್ನುವ ಹೆದರಿಕೆ ಹೋಗಬೇಕಾದರೆ, ಕೊಡಬಹುದಾದ್ದನ್ನು ಹತ್ತಾರು ಸಲ ವಾಪಸ್ ಕೊಟ್ಟಿರಬೇಕು. ಆಗ ಕೊಡಬಾರದ ಒಂದನ್ನು ಎತ್ತಿಟ್ಟುಕೊಂಡರೆ ಅದಕ್ಕೆ ಬೇಜಾರಿಲ್ಲ.

ಎರಡನೆಯದು ಬಾಯಿಗೆ ಹಾಕುವ ಮೊದಲೇ ತಡೆಯುವ ಪಾಠ. ಮುಷ್ಟಿಯೊಳಗೆ ತಿಂಡಿ ಹಿಡಿದು ಮೂಗಿನ ಮುಂದೆ ಇಡುವುದು. ಅದು ನೆಕ್ಕುತ್ತದೆ, ಕೆರೆಯುತ್ತದೆ, ಕುಯ್‌ಗುಟ್ಟುತ್ತದೆ. ನಾವು ಸುಮ್ನೆ ಇರಬೇಕು. ಬೇಸತ್ತು ಒಂದು ಕ್ಷಣ ಮೂಗು ಹಿಂದೆ ತೆಗೆದ ಕೂಡಲೇ "ಹಾಂ" ಅಂತ ಹೇಳಿ ಇನ್ನೊಂದು ಕೈಯಿಂದ ಬೇರೆ ತಿಂಡಿ ಕೊಡಬೇಕು. ಮುಷ್ಟಿಯಲ್ಲಿದ್ದದ್ದು ಯಾವತ್ತೂ ಅದಕ್ಕಿಲ್ಲ. ಅದು ಗಟ್ಟಿಯಾದ ಮೇಲೆ ಬಿಚ್ಚಿದ ಅಂಗೈ. ಆಮೇಲೆ ನೆಲದ ಮೇಲೆ, ಚಪ್ಪಲಿಯ ಅಡಿಯಲ್ಲಿ. ಆಮೇಲೆ ಚಪ್ಪಲಿ ಇಲ್ಲದೆ. ಆಮೇಲೆ ನಾನು ನಡೆಯುವಾಗ ಕೈ ಜಾರಿ ಬಿದ್ದ ಹಾಗೆ. ಒಂದು ಮೆಟ್ಟಿಲು ಗಟ್ಟಿಯಾಗದೆ ಮುಂದಿನದಕ್ಕೆ ಹೋಗಲು ಬಿಡಲಿಲ್ಲ. ಮಗನಿಗೆ ಅವಸರ, ಎರಡೇ ದಿನದಲ್ಲಿ ರಸ್ತೆಗೆ ಒಯ್ಯಬೇಕು ಅಂತ. ಅವನಿಗೆ ಬೈಗುಳ ಸಿಕ್ಕಿತು.

ತಿಂಡಿಯ ವಿಷಯದಲ್ಲಿ ಸ್ವಲ್ಪ ಫಜೀತಿ ಆಯಿತು. ವಾಸನೆ ಜೋರಿದ್ದಷ್ಟೂ ಒಳ್ಳೆಯದು ಅಂದರು. ನಮ್ಮಲ್ಲಿ ವಾಸನೆಗೆ ಬರವೇ? ಬಂಗುಡೆ ಬೇಯಿಸಿ, ಮುಳ್ಳು ತೆಗೆದು ಕೊಟ್ಟೆ. ಬೊಳ್ಳು ಕುಣಿಯಿತು. ಆದರೆ ಅದೇ ಕೈಯಲ್ಲಿ ಗಿರಾಕಿಯ ರೇಷ್ಮೆ ಬ್ಲೌಸ್ ಪೀಸ್ ಹಿಡಿಯುವುದು ಹೇಗೆ ಮಾರಾಯ್ರೆ? ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ. ಒಣ ಸೀಗಡಿ ಕೊಡುವ ಅಂದರೆ ಉಪ್ಪು ಜಾಸ್ತಿ, ಬೇಡ ಅಂದರು. ಕೊನೆಗೆ ಹಗಲಿಗೆ ಬೇಯಿಸಿದ ಮೊಟ್ಟೆ, ಕೆಲಸ ಮುಗಿದ ಮೇಲೆ ಮೀನು ಅಂತ ಒಪ್ಪಂದ ಆಯಿತು. ಮಕ್ಕಳು ಚಾಕಲೇಟ್, ಒಣದ್ರಾಕ್ಷಿ ಕೊಡಬಾರದು ಅಂತ ಗೋಡೆಗೆ ಬರೆದು ಅಂಟಿಸಿದ್ದಾರೆ. ದ್ರಾಕ್ಷಿ ನಾಯಿಯ ಕಿಡ್ನಿಗೆ ಪೆಟ್ಟು ಕೊಡುತ್ತದೆ ಅಂತ ನನಗೆ ಮೊದಲು ಗೊತ್ತೇ ಇರಲಿಲ್ಲ. ಸಕ್ಕರೆ ಇಲ್ಲದ ಚೂಯಿಂಗ್ ಗಮ್‌ನಲ್ಲಿ ಹಾಕುವ ಕ್ಸೈಲಿಟಾಲ್ ಇನ್ನೂ ಕೆಟ್ಟದು. ನಾಯಿಯ ರಕ್ತದ ಸಕ್ಕರೆಯನ್ನು ಒಮ್ಮೆಲೇ ಇಳಿಸಿಬಿಡುತ್ತದೆ.

ಅತ್ತೆಯನ್ನು ಒಲಿಸಿಕೊಂಡ ರೀತಿ ಮೆಚ್ಚಬೇಕು. ಅವರು ಊಟ ಆದ ಮೇಲೆ ಕೋಳಿಯ ಮೂಳೆ ಹಾಕುವುದನ್ನು ಬಿಡಲು ತಯಾರಿರಲಿಲ್ಲ. "ನಮ್ಮ ಕಾಲದಲ್ಲಿ ನಾಯಿ ಎಂತ ತಿನ್ನುತ್ತಿತ್ತು?" ಅಂತ ವಾದ. ಟ್ರೇನರ್ ಜಗಳಕ್ಕೆ ಹೋಗಲಿಲ್ಲ. ಸಾರಿನಿಂದ ತೆಗೆದ ಒಂದು ಮೂಳೆಯನ್ನು ಅತ್ತೆಯ ಎದುರೇ ಮುರಿದು, ತುದಿಯನ್ನು ಅವರ ಬೆರಳಿಗೆ ಮೆಲ್ಲಗೆ ತಾಗಿಸಿದರು. "ಅಮ್ಮಾ, ಬೇಯಿಸಿದ ಮೂಳೆ ಹೀಗೆ ಚೂಪಾಗಿ ಸೀಳ್ತದೆ. ಇದು ಅದರ ಗಂಟಲಲ್ಲಿ ಹೋಗ್ಬೇಕಾ?" ಆಮೇಲೆ ಸಂಜೆಯ ಪಾಠ ಕೊಡುವ ಜವಾಬ್ದಾರಿಯನ್ನೇ ಅವರಿಗೆ ವಹಿಸಿದರು. ಈಗ ಮನೆಯಲ್ಲಿ ಬೊಳ್ಳು ಎಲ್ಲರಿಗಿಂತ ಜಾಸ್ತಿ ಮಾತು ಕೇಳುವುದು ಅತ್ತೆಯದ್ದು. ನನಗೆ ಸ್ವಲ್ಪ ಹೊಟ್ಟೆಕಿಚ್ಚು ಉಂಟು.

ಕಚ್ಚಲು ಎಂತಾದರೂ ಕೊಡಲೇಬೇಕು, ಬರೀ ಬೇಡ ಬೇಡ ಅಂದರೆ ಆಗುವುದಿಲ್ಲ. ಅತ್ತೆ ತೆಂಗಿನಕಾಯಿಯ ಸಿಪ್ಪೆ ಕೊಡುತ್ತಿದ್ದರು, ಅದನ್ನು ನಿಲ್ಲಿಸಿದರು. ನಾರು ನುಂಗಿದರೆ ಹೊಟ್ಟೆಯಲ್ಲಿ ಗಂಟಾಗುತ್ತದೆ. ಬದಲಿಗೆ ಕಾಂಗ್ ಅನ್ನುವ ಟೊಳ್ಳು ರಬ್ಬರಿನ ಆಟಿಕೆ ತರಿಸಿದರು. ಅದರೊಳಗೆ ಒಗ್ಗರಣೆ ಇಲ್ಲದ ಮೊಸರನ್ನ ತುಂಬಿ ಫ್ರೀಜರಿನಲ್ಲಿಟ್ಟು ಕೊಟ್ಟರೆ ನನಗೆ ಒಂದು ಬ್ಲೌಸಿನ ಕೈ ಕೂರಿಸುವಷ್ಟು ಸಮಯ ಸಿಗುತ್ತದೆ. ರಬ್ಬರು ತುಂಡಿಗೆ ರೇಟು ಜಾಸ್ತಿ ಅನಿಸಿತ್ತು. ಇಷ್ಟು ದಿನದಲ್ಲಿ ಒಂದು ಚೂರೂ ಕಿತ್ತು ಬಂದಿಲ್ಲ, ಹಾಗಾಗಿ ಈಗ ದೂರಿಲ್ಲ. ನಾಯಿಯ ಬಾಯಿಗಿಂತ ಚಿಕ್ಕ ಸೈಜು ಮಾತ್ರ ತರಬೇಡಿ.

ಬಾಯಿಗೆ ಹಾಕುವ ಮಜಲ್ ವಿಷಯ ಒಂದು ಹೇಳಬೇಕು. ಹೊರಗೆ ಒಯ್ಯುವಾಗ ಕೆಲವು ಸಮಯ ಹಾಕಿ ಅಂತ ಟ್ರೇನರ್ ಹೇಳಿದರು. ಅಂಗಡಿಗೆ ಹೋದರೆ ನೈಲಾನ್ ಬಟ್ಟೆಯದ್ದು ಕೊಟ್ಟರು. ಹೊಲಿಗೆ ಚೆನ್ನಾಗಿತ್ತು, ಅಂಚಿಗೆ ಎರಡು ಸಾಲು ಹಾಕಿದ್ದರು. ಆದರೆ ಅದು ಬಾಯಿಯನ್ನು ಬಿಗಿಯಾಗಿ ಮುಚ್ಚುತ್ತದೆ. ನಾಯಿ ಮೈ ತಂಪು ಮಾಡಿಕೊಳ್ಳುವುದು ಬಾಯಿ ತೆರೆದು ಏದುಸಿರು ಬಿಟ್ಟು. ನಮ್ಮ ಕರಾವಳಿಯ ಏಪ್ರಿಲ್ ಸೆಕೆಯಲ್ಲಿ ಬಾಯಿ ಕಟ್ಟಿದರೆ ಅದರ ಗತಿ ಏನು? ಟ್ರೇನರ್ ಅದನ್ನು ವಾಪಸ್ ಮಾಡಿಸಿ ಬುಟ್ಟಿಯಂಥದ್ದು ತರಿಸಿದರು. ಇದರಲ್ಲಿ ಬಾಯಿ ತೆರೆಯಬಹುದು, ನೀರು ಕುಡಿಯಬಹುದು, ಸಂದಿಯಿಂದ ತಿಂಡಿಯೂ ಕೊಡಬಹುದು. ಒಳಗೆ ಮೊಸರು ಸವರಿ ಅದೇ ಮೂತಿ ತೂರಿಸುವ ಹಾಗೆ ಮಾಡಿದರು, ಪಟ್ಟಿ ಕಟ್ಟಿದ್ದು ತುಂಬ ದಿನ ಕಳೆದ ಮೇಲೆ. ಆದರೂ ಸಪೂರ ವಸ್ತುಗಳು ಸಂದಿಯಿಂದ ಒಳಗೆ ಹೋಗುತ್ತವೆ, ಹಾಕಿದ ಮೇಲೆ ಕಣ್ಣು ಬಿಡುವ ಹಾಗಿಲ್ಲ. ರಸ್ತೆಯಲ್ಲಿ ಎಲ್ಲರೂ "ಕಚ್ತದಾ?" ಅಂತ ದೂರ ಸರಿಯುತ್ತಾರೆ. ಕಚ್ಚುವುದಿಲ್ಲ, ತಿನ್ನುತ್ತದೆ ಅಂತ ಹೇಳಿ ಹೇಳಿ ಸಾಕಾಯಿತು.

ಹೊರಗಿನ ಪಾಠಕ್ಕೆ ಐದು ಮೀಟರ್ ಉದ್ದದ ಹಗ್ಗ ಬೇಕು ಅಂದಾಗ ನಾನು ಅಂಗಡಿಗೆ ಹೋಗಲಿಲ್ಲ. ಬ್ಯಾಗಿಗೆ ಹಾಕುವ ಪಟ್ಟಿ ಮನೆಯಲ್ಲೇ ಇತ್ತು. ತುದಿಯಲ್ಲಿ ಕೊಕ್ಕೆ ಹಾಕಿ, ಚೌಕದೊಳಗೆ ಗುಣಿಸು ಗುರುತಿನ ಹೊಲಿಗೆ ಹಾಕಿದೆ. ತಿಂಡಿ ಇಡಲು ಸೊಂಟಕ್ಕೆ ಕಟ್ಟುವ ಚೀಲವನ್ನೂ ರೆಕ್ಸಿನ್ ಒಳಪದರ ಕೊಟ್ಟು ಹೊಲಿದೆ, ತೊಳೆಯಲು ಸುಲಭ. ಅದನ್ನು ನೋಡಿ ಟ್ರೇನರ್ ತಮಗೂ, ತಮ್ಮ ಬೇರೆ ಗಿರಾಕಿಗಳಿಗೂ ಹೊಲಿದು ಕೊಡಿ ಅಂದರು. ಇದನ್ನು ಈಗಲೇ ಹೇಳಿಬಿಡುತ್ತೇನೆ, ನಾಳೆ ಯಾರೂ ಅದಕ್ಕೇ ಹೊಗಳಿದ್ದು ಅನ್ನಬಾರದು. ಫೀಸಿನಲ್ಲಿ ಅವರು ನನಗೆ ಒಂದು ರೂಪಾಯಿ ಬಿಟ್ಟಿಲ್ಲ, ಕೂಲಿಯಲ್ಲಿ ನಾನೂ ಬಿಟ್ಟಿಲ್ಲ.

ನಮ್ಮ ಊರಿನ ಅಂಗಳದಲ್ಲಿ ಎಂತ ಎಲ್ಲ ಬಿದ್ದಿರುತ್ತದೆ ಅನ್ನುವುದು ಇವರಿಗೆ ಚೆನ್ನಾಗಿ ಗೊತ್ತು. ವಿಡಿಯೊ ನೋಡಿ ಕಲಿಯುವುದಕ್ಕೂ ಇಲ್ಲಿಯವರ ಹತ್ತಿರ ಕಲಿಯುವುದಕ್ಕೂ ಇರುವ ವ್ಯತ್ಯಾಸ ಇದು. ಏಪ್ರಿಲ್, ಮೇಯಲ್ಲಿ ಮಾವಿನ ಗೊರಟು. ಪೂರ್ತಿ ನುಂಗಿದರೆ ಕರುಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅದೇ ಸಮಯಕ್ಕೆ ಗೇರುಮರದ ಅಡಿಯಲ್ಲಿ ಹಸಿ ಗೇರುಬೀಜ. ಅದರ ಸಿಪ್ಪೆಯ ಎಣ್ಣೆ ತಾಗಿ ಬಾಯಿ ಸುಟ್ಟುಕೊಂಡ ಮಕ್ಕಳು ಪ್ರತಿ ಮನೆಯಲ್ಲೂ ಇದ್ದಾರೆ, ನಾಯಿಯ ಬಾಯಿ ಬೇರೆಯೇ? ಮಳೆ ಶುರುವಾದರೆ ನೆಲಗಪ್ಪೆ. ಅದನ್ನು ಕಚ್ಚಿದರೆ ಚರ್ಮದ ವಿಷಕ್ಕೆ ಬಾಯಿಯಲ್ಲಿ ನೊರೆ ಬರುತ್ತದೆ. ತಲೆ ಬಗ್ಗಿಸಿ ಹಿಡಿದು, ನೀರು ಗಂಟಲಿಗೆ ಇಳಿಯದ ಹಾಗೆ ಒದ್ದೆ ಬಟ್ಟೆಯಲ್ಲಿ ವಸಡು, ನಾಲಿಗೆ ಒರೆಸಿ ಡಾಕ್ಟರಿಗೆ ಫೋನ್ ಮಾಡಬೇಕು. ನನ್ನ ತವರು ಪುತ್ತೂರು ಕಡೆ. ಅಲ್ಲಿ ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದ ಹಾಗೆ ಬೋರ್ಡೋ ದ್ರಾವಣ ಬಿಡುತ್ತಾರೆ, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಆ ಡ್ರಮ್ಮಿನ ಬುಡದಲ್ಲಿ ನಿಂತ ನೀಲಿ ನೀರನ್ನು ನಾಯಿ ನೆಕ್ಕಬಾರದು, ಮೈಲುತುತ್ತಿನ ಹರಳಂತೂ ಕೈಗೆ ಸಿಗುವಲ್ಲಿ ಇರಲೇಬಾರದು. ತವರಿಗೆ ಹೋಗುವಾಗ ಬೊಳ್ಳುವನ್ನು ಹಗ್ಗ ಬಿಚ್ಚಿ ಬಿಡುವುದಿಲ್ಲ.

ಕಡಲ ಬದಿಗೆ ಒಯ್ಯುವವರಿಗೂ ಒಂದು ಮಾತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ಆಗ ದಡದಲ್ಲಿ, ಅಳಿವೆಯಲ್ಲಿ ಗಾಳ ಹಾಕುವವರು ಇರುತ್ತಾರೆ. ಮರಳಿನಲ್ಲಿ ಮೀನಿನ ಚೂರು ಸಿಕ್ಕಿಸಿದ ಗಾಳ, ನೈಲಾನ್ ದಾರ ಬಿದ್ದಿರುತ್ತದೆ. ನುಂಗಿದರೆ ದಾರ ಎಳೆಯಬೇಡಿ, ಬುಡಕ್ಕೆ ಕತ್ತರಿಸಲೂ ಬೇಡಿ, ದಾರ ಹಿಡಿದೇ ಡಾಕ್ಟರಿಗೆ ತೋರಿಸಿ. ಬಲೆಯಿಂದ ಎಸೆದ ಪಫರ್ ಮೀನು, ಬಲೂನಿನಂತೆ ಊದಿಕೊಳ್ಳುವಂಥದ್ದು, ಅದನ್ನಂತೂ ಮೂಸಲೂ ಬಿಡಬಾರದು. ಅದರ ವಿಷಕ್ಕೆ ಮದ್ದೇ ಇಲ್ಲ. ತಣ್ಣೀರುಬಾವಿಯಲ್ಲಿ ಟ್ರೇನರ್ ಒಂದು ಬೆಳಿಗ್ಗೆ ಪಾಠ ಮಾಡಿದರು. ಮನೆಯಲ್ಲಿ ಜಾಣನಾಗಿದ್ದ ಬೊಳ್ಳುವಿಗೆ ಅಲ್ಲಿ ನನ್ನ ದನಿ ಕೇಳಲೇ ಇಲ್ಲ. ಹೊಸ ಜಾಗದಲ್ಲಿ ಮುಷ್ಟಿಯ ಪಾಠದಿಂದ ಮತ್ತೆ ಶುರು ಮಾಡಬೇಕು ಅಂದರು. ಬೇಸರ ಆಯಿತು. ಆದರೆ ಹಾಗೇ ಮಾಡಿದೆವು.

ಇನ್ನು ಹಿಡಿಸದ್ದು. ಜೋರು ಮಳೆ ಬಂದರೆ ಬರುವುದಿಲ್ಲ, ಅದನ್ನೂ ಹೊರಡುವ ಹೊತ್ತಿಗೆ ಹೇಳುತ್ತಾರೆ. ನಮ್ಮ ಊರಿನ ಜುಲೈಯಲ್ಲಿ ಅಂದರೆ ಬರುವುದೇ ಇಲ್ಲ ಅಂತ ಲೆಕ್ಕ. ದಿನಾ ಪಾಠದ ವಿಡಿಯೊ ಕಳಿಸಿ ಅನ್ನುತ್ತಾರೆ. ಮದುವೆ ಸೀಸನ್ನಿನಲ್ಲಿ ನನಗೆ ಊಟಕ್ಕೇ ಪುರುಸೊತ್ತಿಲ್ಲ, ವಿಡಿಯೊ ಎಲ್ಲಿಂದ? ಅವರು ಕೊಟ್ಟ ಪುಸ್ತಿಕೆ ಪೂರ್ತಿ ಇಂಗ್ಲಿಷಿನಲ್ಲಿ. ಅತ್ತೆಗೆ ಅದರಿಂದ ಎಂತ ಪ್ರಯೋಜನ? ಮಗಳು ಕೂತು ಕನ್ನಡದಲ್ಲಿ ಬರೆದುಕೊಟ್ಟಳು.

ಮುಖ್ಯವಾದ ದೂರು ಬೇರೆ. ನುಂಗಿಯೇಬಿಟ್ಟರೆ ಎಂತ ಮಾಡಬೇಕು ಅನ್ನುವುದನ್ನು ನಾನಾಗಿ ಕೇಳುವವರೆಗೆ ಅವರು ಹೇಳಲಿಲ್ಲ. ಇದು ಮೊದಲ ದಿನದ ಪಾಠ ಆಗಬೇಕಿತ್ತು. ಕೇಳಿದ ಮೇಲೆ ಚೆನ್ನಾಗಿ ಹೇಳಿದರು ಅನ್ನುವುದೂ ನಿಜ. ವಾಂತಿ ಮಾಡಿಸಲು ಉಪ್ಪುನೀರು ಕುಡಿಸಬಾರದು, ಆ ಉಪ್ಪೇ ಜೀವಕ್ಕೆ ಅಪಾಯ. ಚೂಪಾದದ್ದು, ಬ್ಯಾಟರಿ, ಸೀಮೆಎಣ್ಣೆ, ಬಾಯಿ ಸುಡುವಂಥದ್ದು ಹೋಗಿದ್ದರೆ ಯಾವ ರೀತಿಯಲ್ಲೂ ವಾಂತಿ ಮಾಡಿಸಬಾರದು, ಹೋಗುವಾಗ ಸುಟ್ಟದ್ದು ಬರುವಾಗಲೂ ಸುಡುತ್ತದೆ. ಇಲಿ ಪಾಷಾಣ ತಿಂದಿದ್ದರೆ ನಾಯಿ ಚೆನ್ನಾಗೇ ಇದೆಯಲ್ಲ ಅಂತ ಕೂರಬಾರದು. ಬ್ರೊಮಾಡಿಯೊಲೋನ್ ಇರುವ ಕೇಕಿನಲ್ಲಿ ರಕ್ತ ಹೆಪ್ಪುಗಟ್ಟುವುದು ನಿಲ್ಲುತ್ತದೆ, ಅದು ಕಾಣುವುದು ಕೆಲವು ದಿನ ಕಳೆದ ಮೇಲೆ. ಬೇಗ ಹೋದರೆ ವಿಟಮಿನ್ ಕೆ1 ಕೊಟ್ಟು ಉಳಿಸಬಹುದು. ಪ್ಯಾಕೆಟ್ ಸಿಕ್ಕಿದರೆ ಜೊತೆಗೆ ತೆಗೆದುಕೊಂಡು ಹೋಗಬೇಕು. ಮತ್ತೆ ಮತ್ತೆ ವಾಂತಿ, ಊಟ ಬೇಡ, ಹೊಟ್ಟೆ ಮುಟ್ಟಿದರೆ ನೋವು, ಕಕ್ಕಸು ಇಲ್ಲ, ಇದರಲ್ಲಿ ಯಾವುದು ಕಂಡರೂ ಕಾಯುವಂತಿಲ್ಲ. ಇದನ್ನೆಲ್ಲ ಮೆಷಿನ್ನಿನ ಎದುರಿನ ಗೋಡೆಗೆ, ಡಾಕ್ಟರ ನಂಬರಿನ ಜೊತೆ ಅಂಟಿಸಿದ್ದೇನೆ.

ಫಲ ಸಿಕ್ಕಿತಾ? ಮನೆಯೊಳಗೆ ಸಿಕ್ಕಿತು. ಮೊನ್ನೆ ಒಬ್ಬ ಗಿರಾಕಿ ಕವರ್ ಬಿಚ್ಚುವಾಗ ಹುಕ್ಕಿನ ಪ್ಯಾಕೆಟ್ ಹರಿದು ನೆಲಕ್ಕೆಲ್ಲ ಚೆಲ್ಲಿತು. ಬೊಳ್ಳು ಎದ್ದು ಬಂದು ಮೂಗು ಹಾಕಿತು. ನಾನು ಕೂತಲ್ಲಿಂದಲೇ "ಬುಡು" ಅಂದೆ. ತಲೆ ಎತ್ತಿ ನನ್ನ ಸೊಂಟದ ಚೀಲ ನೋಡಿತು. ಹುಕ್ಕು ಬಿಟ್ಟು ನನ್ನ ಹತ್ತಿರ ಬಂದು ಕೂತಿತು. ಆ ಗಿರಾಕಿ, "ನನ್ನ ಮಗ ಇಷ್ಟು ಮಾತು ಕೇಳುವುದಿಲ್ಲ ಅಕ್ಕ" ಅಂದಳು. ಬಟ್ಟೆಯ ಚೂರು ಬಾಯಲ್ಲಿದ್ದರೆ ಈಗ ಅದೇ ತಂದು ನನ್ನ ಕಾಲ ಬುಡದಲ್ಲಿ ಇಡುತ್ತದೆ. ಕೆಲವು ಸಲ ತಿಂಡಿಯ ಆಸೆಗೆ ಬೇಕೆಂದೇ ಹುಡುಕಿ ತರುತ್ತದೆ ಅಂತ ನನಗೆ ಸಂಶಯ. ತರಲಿ. ಹೊರಗೆ ಮಾತ್ರ ಇನ್ನೂ ಪೂರ್ತಿ ಆಗಿಲ್ಲ. ಮಾವಿನ ಗೊರಟು ಹೆಚ್ಚಿನ ಸಲ ಬಿಡುತ್ತದೆ. ನೆಲಗಪ್ಪೆ ಕಂಡರೆ ನಾನು ಯಾರು ಅಂತಲೂ ಮರೆಯುತ್ತದೆ. ಹಾಗಾಗಿ ಮಳೆಗಾಲದ ರಾತ್ರಿ ಅಂಗಳಕ್ಕೆ ಹಗ್ಗ ಹಾಕಿಯೇ ಬಿಡುವುದು.

ಐದರಲ್ಲಿ ನಾಲ್ಕು ಕೊಡುತ್ತೇನೆ. ಹಗಲು ಮನೆಯಲ್ಲಿ ಒಬ್ಬರಾದರೂ ಇರುವವರಿಗೆ, ದಿನಕ್ಕೆ ನಾಲ್ಕೈದು ಸಲ ಎರಡೆರಡು ನಿಮಿಷ ಕೊಡಬಲ್ಲವರಿಗೆ ಇಂಥವರು ಸರಿ. ಬೆಳಿಗ್ಗೆ ಬಾಗಿಲು ಹಾಕಿ ಹೋಗಿ ಸಂಜೆ ಬರುವ ಮನೆಗೆ ಈ ದುಡ್ಡು ದಂಡ. ಅವರು ಮೊದಲು ಮುಚ್ಚಳದ ಕಸದ ಡಬ್ಬ ಮತ್ತು ಮರಿಗೆ ಒಂದು ಖಾಲಿ ಕೋಣೆ ಮಾಡಿಕೊಳ್ಳಲಿ. ಮರಿ ಮಣ್ಣು, ಕಲ್ಲು ಎಲ್ಲ ತಿನ್ನುತ್ತಿದ್ದರೆ ಟ್ರೇನರಿಗಿಂತ ಮೊದಲು ಡಾಕ್ಟರಿಗೆ ತೋರಿಸಿ, ಹೊಟ್ಟೆಹುಳ ಇದ್ದರೂ ಹಾಗೆ ಮಾಡುವುದುಂಟು.

ನೀವು ಬೇರೆ ಯಾರನ್ನಾದರೂ ಹುಡುಕುತ್ತಿದ್ದರೆ ಫೋನಿನಲ್ಲೇ ಒಂದು ಪ್ರಶ್ನೆ ಕೇಳಿ. ನಮ್ಮ ಮರಿ ಸಾಕ್ಸ್ ಕಚ್ಚಿಕೊಂಡು ಓಡಿದರೆ ನಾನು ಎಂತ ಮಾಡಬೇಕು ಅಂತ. ಹಿಡಿದು ಬಾಯಿ ಬಿಡಿಸಿ, ಒಂದು ಪೆಟ್ಟು ಕೊಡಿ ಅಂದರೆ ಫೋನ್ ಇಟ್ಟುಬಿಡಿ. ಬದಲಿಗೆ ಕೊಡಲು ನಿಮ್ಮ ಹತ್ತಿರ ಎಂತ ಉಂಟು ಅಂತ ತಿರುಗಿ ಕೇಳಿದರೆ, ಫೀಸಿನ ಮಾತು ಶುರು ಮಾಡಬಹುದು.